ಗುಜರಿ ಸಂತೆಯಲ್ಲಿ ಸಿಕ್ಕ ತೂಗುದೀಪ

ಮಕ್ಕಳು ವಿದೇಶದಲ್ಲಿ ನೆಲೆಸಿದ ಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅಲ್ಲಿಗೆ ಹೋಗಿ ಎರಡು ಮೂರು ತಿಂಗಳು ಇದ್ದು ಬರುವುದು ನಮ್ಮ ನಿವೃತ್ತ ಮಧ್ಯಮ ವರ್ಗದವರ ಹೊಸ ಕಾಶಿಯಾತ್ರೆ. ಮೊದಲ ಸಲ ಹೋದಾಗ ಅರಮನೆ, ಗೋಪುರ, ವಸ್ತುಸಂಗ್ರಹಾಲಯಗಳನ್ನೆಲ್ಲ ನೋಡಿ ಮುಗಿಸುತ್ತೇವೆ. ಎರಡನೆಯ ಸಲ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೊರಟ ಮೇಲೆ ದಿನ ಕಳೆಯುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ನನಗೆ ಉತ್ತರ ಸಿಕ್ಕಿದ್ದು ಹಳೆಯ ಸಾಮಾನುಗಳ ಸಂತೆಯಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ಫ್ಲೀ ಮಾರ್ಕೆಟ್ ಎಂದು ಹೆಸರು, ಅಂದರೆ ಚಿಗಟದ ಸಂತೆ. ಫ್ರೆಂಚರ ಮಾತಿನ ನೇರ ಅನುವಾದ ಅದು. ಹಳೆಯ ಹಾಸಿಗೆ, ಕೋಟು, ಕುರ್ಚಿಗಳ ಜೊತೆ ಚಿಗಟಗಳೂ ಪುಕ್ಕಟೆಯಾಗಿ ಮನೆ ಸೇರುತ್ತಿದ್ದುದರಿಂದ ಈ ಹೆಸರು ಬಂತೆನ್ನುತ್ತಾರೆ. ನಾವು ಗುಜರಿ ಎಂದು ಮೂಗು ಮುರಿಯುವುದನ್ನು ಅಲ್ಲಿಯವರು ಭಾನುವಾರದ ಸಂಭ್ರಮವಾಗಿ ಮಾಡಿಕೊಂಡಿದ್ದಾರೆ.

ಈ ಸಂತೆಗಳಲ್ಲೊಂದು ಪ್ಯಾರಿಸ್ ನಗರದ ಉತ್ತರ ಅಂಚಿನ ಸ್ಯಾಂತ್‌ಊಆನ್‌ನಲ್ಲಿದೆ. ಇದರ ಹುಟ್ಟಿನ ಹಿಂದೆ ಒಬ್ಬ ಸರ್ಕಾರಿ ಅಧಿಕಾರಿಯ ಕೈವಾಡವೂ ಉಂಟು. ಪ್ಯಾರಿಸ್ ಇದ್ದ ಸೇನ್ ಪ್ರಾಂತ್ಯದ ಆಡಳಿತಾಧಿಕಾರಿ ಯೂಜೀನ್ ಪೂಬೆಲ್ ಮನೆಮನೆಯ ಕಸವನ್ನು ಮುಚ್ಚಳವಿರುವ ಡಬ್ಬಿಯಲ್ಲೇ ಹೊರಗಿಡಬೇಕೆಂದು ಹೊರಡಿಸಿದ ಆದೇಶ 1884ರಲ್ಲಿ ಜಾರಿಗೆ ಬಂತು. ರಾತ್ರಿಯೆಲ್ಲ ಲಾಂದ್ರ ಹಿಡಿದು ಬೀದಿಯ ಕಸದಲ್ಲಿ ಚಿಂದಿ ಆಯುತ್ತಿದ್ದವರ ಹೊಟ್ಟೆಗೆ ಕಲ್ಲು ಬಿತ್ತು. ನಗರದಿಂದ ಒತ್ತರಿಸಲ್ಪಟ್ಟ ಚಿಂದಿಯವರು ಕೋಟೆಗೋಡೆಯಾಚೆಯ ಬಯಲಿನಲ್ಲಿ ತಮ್ಮ ಸಾಮಾನು ಹರಡಿ ಕುಳಿತರು. ಅದು ಬೆಳೆದು ಇಂದು ಹತ್ತಾರು ಓಣಿಗಳ ದೊಡ್ಡ ಪೇಟೆ. ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಿಗೆ ಇಂದಿಗೂ ‘ಪೂಬೆಲ್’ ಎಂದೇ ಹೆಸರು. ಮೂವತ್ತು ವರ್ಷಕ್ಕೂ ಮಿಕ್ಕಿ ಆದೇಶಗಳಿಗೆ ಸಹಿ ಹಾಕಿದ ನನಗೆ ಈ ಮಹಾನುಭಾವರ ಬಗ್ಗೆ ವಿಶೇಷ ಸಹಾನುಭೂತಿ ಇದೆ.

ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನಾವು ಓದಿದ ಒಂದು ಪ್ರಬಂಧ ಈ ಸಂತೆಗಳಲ್ಲಿ ಅಡ್ಡಾಡುವಾಗ ಪದೇ ಪದೇ ನೆನಪಾಗುತ್ತದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರ ಕುರಿತು ಬರೆದದ್ದು ಅದು. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಸರಾಸರಿ ಬೆಲೆಗಿಂತ ಹೆಚ್ಚು ಕೊಡಲೊಪ್ಪುವುದಿಲ್ಲ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರುವುದಿಲ್ಲ. ಕೊನೆಗೆ ಪೇಟೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳು ಮಾತ್ರ. ಈ ಸರಳ ವಿಚಾರಕ್ಕೆ ಅವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂಗ್ಲೆಂಡಿನ ಬೆಳ್ಳಿ ವ್ಯಾಪಾರಕ್ಕೆ ಈ ರೋಗ ಅಷ್ಟಾಗಿ ತಗಲದಿರಲು ಕಾರಣ 1300ನೇ ಇಸವಿಯಷ್ಟು ಹಿಂದೆಯೇ ಅರಸ ಒಂದನೇ ಎಡ್ವರ್ಡ್ ತಂದ ಕಾನೂನು. ಅಂದಿನಿಂದ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಪದ್ಧತಿ ಬೆಳೆಯಿತು. ನಡೆಯುತ್ತಿರುವ ಸಿಂಹದ ಮುದ್ರೆ ಇದ್ದರೆ ಸಾವಿರಕ್ಕೆ 925 ಭಾಗ ಶುದ್ಧ ಬೆಳ್ಳಿ. ಲಂಗರಿನ ಗುರುತಿದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು. ಪಕ್ಕದ ಅಕ್ಷರದಿಂದ ಇಸವಿಯನ್ನೂ ಹೇಳಬಹುದು. ನೂರೈವತ್ತು ವರ್ಷದ ಹಳೆಯ ಚಮಚವೊಂದು ತನ್ನ ಜಾತಕವನ್ನು ತಾನೇ ಹೊತ್ತು ತಿರುಗುತ್ತದೆ. ಭೂತಗನ್ನಡಿ ಒಂದಿದ್ದರೆ ಮೋಸ ಹೋಗುವ ಭಯ ಬಹಳ ಕಡಿಮೆ. ನಮ್ಮಲ್ಲಿ ಚಿನ್ನದ ಒಡವೆಗೆ ಇಂಥ ಮುದ್ರೆ 2000ದಲ್ಲಿ ಬಂದು, ಅದು ಕಡ್ಡಾಯವಾಗತೊಡಗಿದ್ದು 2021ರಲ್ಲಿ.

ಆದರೆ ಸಂತೆಗೆ ಜನ ಮುಗಿಬೀಳುವುದು ಮುದ್ರೆ ಓದುವುದಕ್ಕಲ್ಲ. ಅಕರ್ಲಾಫರ ಸೂತ್ರ ತಲೆಕೆಳಗಾಗುವ ಗಳಿಗೆಗಾಗಿ, ಅಂದರೆ ಮಾರುವವನಿಗೆ ಗೊತ್ತಿಲ್ಲದ್ದು ಕೊಳ್ಳುವವನಿಗೆ ಗೊತ್ತಾಗುವ ಗಳಿಗೆಗಾಗಿ ಅವರು ಬರುತ್ತಾರೆ. ಅಂಥ ಕಥೆಗಳೇನೂ ಕಡಿಮೆಯಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸಂತೆಯಲ್ಲಿ 1989ರಲ್ಲಿ ಒಬ್ಬರು ಚೌಕಟ್ಟಿನ ಆಸೆಗೆ ನಾಲ್ಕು ಡಾಲರ್ ಕೊಟ್ಟು ಕೊಂಡ ಚಿತ್ರದ ಹಿಂದೆ 1776ರ ಸ್ವಾತಂತ್ರ್ಯ ಘೋಷಣೆಯ ಮೂಲ ಮುದ್ರಣದ ಪ್ರತಿ ಮಡಿಸಿ ಇಟ್ಟಿತ್ತು; 1991ರಲ್ಲಿ ಅದು 24 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಮಹಿಳೆಯೊಬ್ಬರು ಹತ್ತು ಪೌಂಡಿಗೆ ಕೊಂಡು, ಗಾಜಿನ ಹರಳೆಂದೇ ನಂಬಿ ವರ್ಷಗಟ್ಟಲೆ ತೊಟ್ಟುಕೊಂಡಿದ್ದ ಉಂಗುರ 26 ಕ್ಯಾರಟ್‌ನ ವಜ್ರದ್ದೆಂದು ತಿಳಿದು, 2017ರಲ್ಲಿ 6,56,750 ಪೌಂಡಿಗೆ ಮಾರಾಟವಾಯಿತು. ಲಾಟರಿ ಗೆದ್ದವನ ಫೋಟೊ ಮಾತ್ರ ಪತ್ರಿಕೆಯಲ್ಲಿ ಬರುತ್ತದೆ, ಸೋತವರದ್ದಲ್ಲ ಎಂಬುದನ್ನು ಓದುಗರು ಮರೆಯಬಾರದು.

ಇದೇ ಸಾಲಿಗೆ ಸೇರಬೇಕಾಗಿದ್ದ ಮತ್ತೊಂದು ಕಥೆ ಬೇರೆ ದಾರಿ ಹಿಡಿಯಿತು. ವರ್ಜೀನಿಯಾದ ಮಹಿಳೆಯೊಬ್ಬರು ಸಂತೆಯಲ್ಲಿ ಏಳು ಡಾಲರಿಗೆ ಕೊಂಡೆನೆಂದು ಹೇಳಿ ಹರಾಜಿಗೆ ಒಯ್ದ ಪುಟ್ಟ ಚಿತ್ರ ಫ್ರೆಂಚ್ ಕಲಾವಿದ ರೆನ್ವಾರದ್ದಾಗಿತ್ತು. 2012ರಲ್ಲಿ ಹರಾಜಿನ ಹೊಸ್ತಿಲಲ್ಲಿ, ಅದು 1951ರಲ್ಲಿ ಬಾಲ್ಟಿಮೋರ್ ಕಲಾ ಸಂಗ್ರಹಾಲಯದಿಂದ ಕಳುವಾದದ್ದೆಂದು ಹಳೆಯ ದಾಖಲೆಗಳಿಂದ ಹೊರಬಿತ್ತು. 2014ರಲ್ಲಿ ನ್ಯಾಯಾಲಯ ಅದನ್ನು ಸಂಗ್ರಹಾಲಯಕ್ಕೇ ಕೊಡಿಸಿತು. ಕದ್ದ ವಸ್ತು ಎಷ್ಟು ಕೈ ದಾಟಿದರೂ ಕದ್ದದ್ದೇ ಎಂಬುದು ಅಲ್ಲಿಯ ನಿಯಮ.

ಇಷ್ಟನ್ನೆಲ್ಲ ತಿಳಿದಿದ್ದ ನಾನು 2019ರ ಸೆಪ್ಟೆಂಬರಿನ ಒಂದು ಶುಕ್ರವಾರ ಏನು ಮಾಡಿದೆನೆಂಬುದನ್ನು ಹೇಳಲೆಂದೇ ಈ ಲೇಖನ ಬರೆಯುತ್ತಿದ್ದೇನೆ.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣಕ್ಕೆ ಬರ್ಮಂಡ್ಸಿ ಎಂಬ ಚೌಕವಿದೆ. ಪ್ರವಾಸಿಗರೆಲ್ಲ ಶನಿವಾರದ ಪೋರ್ಟೊಬೆಲ್ಲೊ ರಸ್ತೆಗೆ ಹೋದರೆ, ಕಸುಬಿನವರು ಶುಕ್ರವಾರ ನಸುಕಿಗೇ ಇಲ್ಲಿಗೆ ಬರುತ್ತಾರೆ. ಉತ್ತರ ಲಂಡನ್ನಿನ ಹಳೆಯ ಕ್ಯಾಲೆಡೋನಿಯನ್ ಮಾರ್ಕೆಟ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿದ ಮೇಲೆ ಅದರ ವ್ಯಾಪಾರಿಗಳು ಇಲ್ಲಿ ನೆಲೆ ಕಂಡುಕೊಂಡರು. ಸುತ್ತ ಹೊಸ ಕಟ್ಟಡಗಳೆದ್ದು ಈಗ ಸಂತೆ ಬಹಳ ಕುಗ್ಗಿದೆ. ಆದರೂ ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಮೇಜಿನಿಂದ ಮೇಜಿಗೆ ಬಾಗಿ ನೋಡುತ್ತಾ ಹೋಗುವ ಜನರನ್ನು ಕಂಡರೆ ಚಿಂದಿ ಆಯುವವರ ಲಾಂದ್ರ ಇನ್ನೂ ಆರಿಲ್ಲ ಎನಿಸುತ್ತದೆ.

ಈ ಸಂತೆಗೆ ಒಂದು ವಿಚಿತ್ರ ಹಕ್ಕಿತ್ತು. ಮಧ್ಯಯುಗದಿಂದ ಬಂದ ಇಂಗ್ಲಿಷ್ ನಿಯಮದ ಪ್ರಕಾರ, ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಇಂಥ ಬಹಿರಂಗ ಪೇಟೆಯಲ್ಲಿ ಸದ್ಭಾವನೆಯಿಂದ ಕೊಂಡವನಿಗೆ, ವಸ್ತು ಕದ್ದದ್ದಾದರೂ ಪೂರ್ಣ ಒಡೆತನ ದಕ್ಕುತ್ತಿತ್ತು. ‘ಮಾರ್ಕೆಟ್ ಓವರ್ಟ್’ ಎನ್ನುವ ಈ ನಿಯಮವನ್ನು 1994ರ ತಿದ್ದುಪಡಿ ಕಾಯ್ದೆಯ ಮೂಲಕ ರದ್ದು ಮಾಡಿದರು. ಬ್ರಿಟಿಷರು 1930ರಲ್ಲಿ ನಮಗೆ ಸರಕು ಮಾರಾಟ ಕಾಯ್ದೆ ಬರೆದುಕೊಟ್ಟಾಗ ಈ ನಿಯಮವನ್ನು ಮಾತ್ರ ಕೈಬಿಟ್ಟಿದ್ದರು. ತಮ್ಮ ಊರಿನ ಕಳ್ಳರಿಗಿದ್ದ ಅನುಕೂಲ ನಮ್ಮ ಕಳ್ಳರಿಗೆ ಬೇಡವೆಂದುಕೊಂಡರೋ ಏನೋ.

ಅಂದು ಎಪ್ಪತ್ತರ ಗಡಿಯಲ್ಲಿದ್ದ ಹೆಂಗಸೊಬ್ಬರ ಮೇಜಿನ ಕೆಳಗೆ, ಟೀ ಕೆಟಲು, ಕುದುರೆ ಲಾಳಗಳ ನಡುವೆ, ಒಂದು ತೂಗುದೀಪ ಬಿದ್ದಿತ್ತು. ಸರಪಳಿಯಲ್ಲಿ ನಾಲ್ಕೇ ಕೊಂಡಿಗಳು ಉಳಿದಿದ್ದವು. ಹಿತ್ತಾಳೆ ಎಂದು ಚೀಟಿ ಅಂಟಿಸಿದ್ದರು. ಬೆರಳಿನಿಂದ ತಟ್ಟಿದರೆ ಕಂಚಿನ ದನಿ ಬಂತು. ಬತ್ತಿಯ ಬಾಯಿಗಳಲ್ಲಿ ಎಣ್ಣೆಯ ಜಿಡ್ಡು ಕಪ್ಪಾಗಿ ಗಟ್ಟಿಕಟ್ಟಿತ್ತು. ತಿರುಗಿಸಿ ಅಂಚನ್ನು ನೋಡಿದೆ. ಕನ್ನಡ ಅಕ್ಷರಗಳು. ‘...ಪುರದ ಸೋಮೇಶ್ವರ ದೇವರ ಸೇವೆಗೆ ...ಮ್ಮ ಮಾಡಿಸಿದ್ದು.’ ಊರಿನ ಹೆಸರಿನ ಮೊದಲ ಭಾಗವೂ ಕೊಟ್ಟ ತಾಯಿಯ ಹೆಸರಿನ ಮೊದಲ ಭಾಗವೂ ಉಜ್ಜಿ ಉಜ್ಜಿ ಸವೆದುಹೋಗಿದ್ದವು.

ಬೆಲೆ ಅರವತ್ತು ಪೌಂಡ್ ಎಂದರು. ಎಲ್ಲಿಂದ ಬಂತೆಂದು ಕೇಳಿದೆ. ಕೆಂಟ್ ಕಡೆಯ ಮನೆಯೊಂದನ್ನು ಖಾಲಿ ಮಾಡಿಸುವಾಗ ಪೆಟ್ಟಿಗೆಯೊಂದರಲ್ಲಿ ಸಿಕ್ಕಿತೆಂದರು. ಆಮೇಲೆ ಅವರೇ ನನ್ನ ಮುಖ ನೋಡಿ, “ಇದರ ಮೇಲೆ ಏನೋ ಬರೆದಿದೆ, ತಮಿಳು ಇರಬೇಕು. ನಿಮಗೆ ಓದಲು ಬರುತ್ತದೆಯೇ?” ಎಂದು ಕೇಳಿದರು.

“ಸವೆದುಹೋಗಿದೆ, ಸರಿಯಾಗಿ ಕಾಣುವುದಿಲ್ಲ” ಎಂದೆ.

ಅದು ಸುಳ್ಳಲ್ಲ, ನಿಜವೂ ಅಲ್ಲ. ಸದನದ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿ ಅಭ್ಯಾಸವಾದವರಿಗೆ ಇಂಥ ವಾಕ್ಯ ತಾನಾಗಿ ಬಾಯಿಗೆ ಬರುತ್ತದೆ. ಓದಿ ಹೇಳಿದ್ದರೆ ಅವರು ಬೆಲೆ ಏರಿಸುತ್ತಿದ್ದರು, ಅಥವಾ ದೇವಸ್ಥಾನದ ವಸ್ತುವೆಂದು ಹೆದರಿ ಮಾರದೆಯೇ ಇಡುತ್ತಿದ್ದರು. ನನಗೆ ಎರಡೂ ಬೇಕಿರಲಿಲ್ಲ. ನಮ್ಮ ಚಿಕ್ಕಪೇಟೆಯಲ್ಲಿ ಕಲಿತ ವಿದ್ಯೆಯಿಂದ ಎರಡು ಸಲ ಎದ್ದು ಹೋಗುವಂತೆ ಮಾಡಿ ನಲವತ್ತಕ್ಕೆ ಇಳಿಸಿದೆ. ಅಂದಿನ ಲೆಕ್ಕದಲ್ಲಿ ಸುಮಾರು 3,600 ರೂಪಾಯಿ. ರಸೀದಿ ಕೇಳಿದ್ದಕ್ಕೆ ಸಣ್ಣ ಚೀಟಿಯಲ್ಲಿ ‘ಹಿತ್ತಾಳೆ ದೀಪ, ಒಂದು’ ಎಂದು ಬರೆದುಕೊಟ್ಟರು.

ಮನೆಗೆ ಬಂದು ಮಗನಿಗೆ ವಿಜಯೋತ್ಸಾಹದಿಂದ ತೋರಿಸಿದೆ. ಅವನು ತಿರುಗಿಸಿ ನೋಡಿ, “ಅಪ್ಪಾ, ಇದು ಯಾರದು?” ಎಂದ. ನಾನು “ನನ್ನದು” ಎಂದೆ. ಅವನು ಮತ್ತೇನೂ ಕೇಳಲಿಲ್ಲ.

ದೀಪ ಕದ್ದದ್ದೇ ಎಂದು ನಾನು ಹೇಳುತ್ತಿಲ್ಲ. ಅದು ಇಂಗ್ಲೆಂಡಿಗೆ ಹೋಗಲು ಹತ್ತು ದಾರಿಗಳಿವೆ. ಕಂಪನಿಯ ಕಾಲದ ಕಲೆಕ್ಟರನೊಬ್ಬ ಕೊಂಡೊಯ್ದಿರಬಹುದು. ಬರಗಾಲದಲ್ಲಿ ಊರವರೇ ಮಾರಿರಬಹುದು. ಸ್ಟೀಲ್ ಪಾತ್ರೆ ಹೊಸದಾಗಿ ಬಂದ ಕಾಲದಲ್ಲಿ ನಮ್ಮ ತಾಯಿಯೇ ಎರಡು ಕಂಚಿನ ತಟ್ಟೆ ತೂಕಕ್ಕೆ ಹಾಕಿ ಒಂದು ಸ್ಟೀಲ್ ಡಬ್ಬಿ ತಂದದ್ದನ್ನು ಕಂಡಿದ್ದೇನೆ. ದೇವಸ್ಥಾನದ ಪಾರುಪತ್ಯಗಾರನೊಬ್ಬ ಅದನ್ನೇ ಮಾಡಿರಬಹುದು. ಅಥವಾ 1980ರ ದಶಕದಲ್ಲೊಂದು ರಾತ್ರಿ ಯಾರೋ ಬೀಗ ಒಡೆದಿರಬಹುದು. ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆ 1972ರಲ್ಲಿ ಅಂಗೀಕಾರವಾಗಿ 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಒಳಗೆ ತರುವುದಕ್ಕೆ ಅಂಥ ಅಡ್ಡಿಯಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. (ದಂತದ ಕೆತ್ತನೆಯಿರುವ ಹಳೆಯ ಮೈಸೂರು ಪೆಟ್ಟಿಗೆಗಳೂ ಅಲ್ಲಿಯ ಸಂತೆಗಳಲ್ಲಿ ಕಾಣಸಿಗುತ್ತವೆ. ಅವುಗಳ ಆಸೆಗೆ ಮಾತ್ರ ಬೀಳಬೇಡಿ. ಬ್ರಿಟನ್ನಿನ ದಂತ ಕಾಯ್ದೆ 2022ರಿಂದ ಬಿಗಿಯಾಗಿದೆ. ನಮ್ಮ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ.)

ಇಂಗ್ಲೆಂಡಿನ ಕಾಲಮಿತಿ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಕದ್ದ ವಸ್ತುವನ್ನು ಒಬ್ಬ ಸದ್ಭಾವನೆಯಿಂದ ಕೊಂಡ ದಿನದಿಂದ ಆರು ವರ್ಷ ಕಳೆದರೆ ಮೂಲ ಒಡೆಯನ ಹಕ್ಕು ಅಳಿಯುತ್ತದೆ. ಆ ಲೆಕ್ಕ ಹಿಡಿದರೆ 2025ರ ಸೆಪ್ಟೆಂಬರಿಗೆ ನನ್ನ ಆರು ವರ್ಷ ತುಂಬಿತು. ಆದರೆ ‘ಸದ್ಭಾವನೆ’ ಎಂಬ ಪದದ ಮುಂದೆ ನನ್ನ ಲೆಕ್ಕ ನಿಂತುಬಿಡುತ್ತದೆ. ಆ ಹೆಂಗಸು ಸದ್ಭಾವನೆಯಿಂದ ಮಾರಿದರು. ಅಂದು ಆ ಸಂತೆಯಲ್ಲಿ ಆ ಅಂಚಿನ ಅಕ್ಷರ ಓದಬಲ್ಲವನು ಬಹುಶಃ ನಾನೊಬ್ಬನೇ ಇದ್ದೆ. ಓದಿಯೂ ಕೊಂಡೆ.

ಸೋಮೇಶ್ವರ ಒಡೆಯನಾಗಬಲ್ಲನೇ ಎಂದು ಕೇಳುವವರಿಗೆ ಪತ್ತೂರು ನಟರಾಜನ ಪ್ರಕರಣವನ್ನು ನೆನಪಿಸಬೇಕು. ತಮಿಳುನಾಡಿನ ಪಾಳುದೇಗುಲವೊಂದರ ಆವರಣದಲ್ಲಿ 1976ರಲ್ಲಿ ನೆಲದಡಿ ಸಿಕ್ಕ ಆ ಕಂಚಿನ ಮೂರ್ತಿ ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತ್ತು. ಹಣ ಕೊಟ್ಟು ಕೊಂಡಿದ್ದ ವಿದೇಶಿ ಕಂಪನಿಯ ಎದುರು ದೇವಸ್ಥಾನವೇ ವಾದಿಯಾಗಿ ನಿಲ್ಲಬಹುದೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಒಪ್ಪಿತು. ನಟರಾಜ ಮರಳಿ ಬಂದ. ಹಾಗೆಯೇ ನಾಲಂದಾದ ಸಂಗ್ರಹಾಲಯದಿಂದ 1961ರಲ್ಲಿ ಕಳುವಾದ ಹನ್ನೆರಡನೆಯ ಶತಮಾನದ ಬುದ್ಧ 2018ರಲ್ಲಿ ಹಾಲೆಂಡಿನ ಮೇಳವೊಂದರಲ್ಲಿ ಪತ್ತೆಯಾಗಿ, ಅದೇ ವರ್ಷ ಆಗಸ್ಟ್ 15ರಂದು ಲಂಡನ್ ಪೊಲೀಸರ ಕೈಯಿಂದ ನಮ್ಮ ರಾಯಭಾರ ಕಚೇರಿ ಸೇರಿದ. ಶ್ರೀಪುರಂದನ್‌ನ ನಟರಾಜನನ್ನು ಆಸ್ಟ್ರೇಲಿಯಾ 2014ರಲ್ಲಿ ಹಿಂದಿರುಗಿಸಿತು. ಇಂಥ ಮರಳುವಿಕೆಗಳ ಹಿಂದೆ ಬಹುತೇಕ ಒಂದೇ ಗುಟ್ಟಿದೆ: ಎಲ್ಲೋ ಒಂದು ಕಡೆ ಹಳೆಯ ಫೋಟೊ ಅಥವಾ ದಾಖಲೆ ಉಳಿದಿತ್ತು. ತಮಿಳುನಾಡಿನ ಮೂರ್ತಿಗಳ ಮಟ್ಟಿಗೆ, ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1950ರ ದಶಕದಿಂದ ಗುಡಿ ಗುಡಿ ಸುತ್ತಿ ತೆಗೆದಿಟ್ಟ ಛಾಯಾಚಿತ್ರಗಳು ಕಳ್ಳತನಗಳಿಗೆ ಸಾಕ್ಷಿ ನುಡಿದವು.

ಈಗ ನನ್ನ ಕಡೆಗೆ ಬರೋಣ. 1989ರಲ್ಲಿ ನಾನು ಉಪವಿಭಾಗವೊಂದರ ಅಧಿಕಾರಿಯಾಗಿದ್ದೆ. ಮುಜರಾಯಿ ದೇವಸ್ಥಾನಗಳ ತಪಾಸಣೆ ನನ್ನ ಕರ್ತವ್ಯಗಳಲ್ಲೊಂದು. ದೇವರ ಚಿನ್ನ ಬೆಳ್ಳಿಯನ್ನು ಅಕ್ಕಸಾಲಿಗನನ್ನು ಕರೆಸಿ ಗ್ರಾಂ ಲೆಕ್ಕದಲ್ಲಿ ತೂಗಿಸಿ, ಪಂಚನಾಮೆ ಮಾಡಿ, ಮೊಹರು ಹಾಕಿಸುತ್ತಿದ್ದೆವು. ಅದರಲ್ಲಿ ಲೋಪವಾಗಲು ನಾನು ಬಿಡುತ್ತಿರಲಿಲ್ಲ. ಆಮೇಲೆ ಶಾನುಭೋಗರ ಕಾಲದ ಚಾಳಿಯಂತೆ ಚರ ಆಸ್ತಿಯ ವಹಿಯ ಕೊನೆಯ ಪುಟ ಬರುತ್ತಿತ್ತು: ಕಂಚಿನ ದೀಪ - 2, ಗಂಟೆ - 1, ಹಿತ್ತಾಳೆ ಕೊಳಗ - 3. ಎಣಿಸಿ ಸರಿಯಿದೆಯೆಂದು ಟಿಕ್ ಹಾಕಿ ಕೆಳಗೆ ಸಹಿ ಮಾಡುತ್ತಿದ್ದೆ. ದೀಪ ಎಷ್ಟೆತ್ತರ, ಎಷ್ಟು ಬತ್ತಿ, ಅದರ ಮೇಲೆ ಬರಹವಿದೆಯೇ, ಇದ್ದರೆ ಏನು, ಯಾವುದನ್ನೂ ಬರೆಸಲಿಲ್ಲ. ಒಂದು ದೀಪ ಹೋಗಿ ಅದರ ಜಾಗಕ್ಕೆ ಪೇಟೆಯಿಂದ ತಂದ ಇನ್ನೊಂದು ದೀಪ ತೂಗಿದರೂ ವಹಿಯಲ್ಲಿ ಎರಡು ಎರಡಾಗಿಯೇ ಉಳಿಯುತ್ತಿತ್ತು. ಬರ್ಮಂಡ್ಸಿಯ ಆ ಹೆಂಗಸಿನ ಚೀಟಿಗೂ ನನ್ನ ಸಹಿಯಿದ್ದ ವಹಿಗೂ ಏನು ವ್ಯತ್ಯಾಸ? ಆಕೆ ಕೊನೆಯ ಪಕ್ಷ ಬರಹವಿದೆ ಎಂಬುದನ್ನಾದರೂ ಗಮನಿಸಿದ್ದರು.

ಬಿ.ಎಲ್. ರೈಸ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕಲ್ಲಿನ ಅಕ್ಷರಕ್ಕೆ ಒದಗಿದ ಆ ಭಾಗ್ಯ ಗಂಟೆ, ದೀಪ, ತಂಬಿಗೆಗಳ ಅಕ್ಷರಕ್ಕೆ ಅಷ್ಟಾಗಿ ಒದಗಲಿಲ್ಲ. ಇಂದು ರಾಜ್ಯದ ಮುಜರಾಯಿ ಇಲಾಖೆಯಡಿ 34,000ಕ್ಕೂ ಹೆಚ್ಚು ದೇವಸ್ಥಾನಗಳಿವೆ. ಬಹುಪಾಲು ಗುಡಿಗಳಿಗೆ ಆದಾಯವಿಲ್ಲ, ರಾತ್ರಿ ಕಾವಲೂ ಇಲ್ಲ. ಅಲ್ಲೆಲ್ಲ ಕ್ಯಾಮೆರಾ, ಕಾವಲುಗಾರ ಎಂದು ಯೋಜನೆ ಹಾಕಿದರೆ ಹಣಕಾಸು ಇಲಾಖೆ ಕಡತವನ್ನು ಹಿಂದಿರುಗಿಸುತ್ತದೆ. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ಆದರೆ ಗ್ರಾಮ ಆಡಳಿತಾಧಿಕಾರಿಯ ಜೇಬಿನಲ್ಲಿರುವ ಫೋನಿನಿಂದ ಪ್ರತಿಯೊಂದು ಲೋಹದ ವಸ್ತುವಿನ ನಾಲ್ಕು ಫೋಟೊ, ಒಂದು ಅಳತೆ, ಬರಹವಿದ್ದರೆ ಅದರ ನಕಲು, ಇಷ್ಟನ್ನು ವಹಿಗೆ ಸೇರಿಸಲು ಬೇಕಾಗುವುದು ಒಂದು ಸುತ್ತೋಲೆ ಮತ್ತು ಒಂದು ಮಧ್ಯಾಹ್ನ. ಫ್ರಾನ್ಸಿನಲ್ಲಿ ಹಳೆಯ ಸಾಮಾನಿನ ವ್ಯಾಪಾರಿ ಪ್ರತಿ ವಸ್ತುವನ್ನು ಯಾರಿಂದ ಕೊಂಡೆನೆಂದು ಪೊಲೀಸರು ಯಾವಾಗ ಕೇಳಿದರೂ ತೋರಿಸುವಂತೆ ವಹಿಯಲ್ಲಿ ಬರೆದಿಡಬೇಕೆಂಬ ಕಾನೂನಿದೆ. ಚಿಂದಿ ಆಯುವವರ ವಂಶಸ್ಥರು ಪಾಲಿಸುವ ಶಿಸ್ತು ನಮ್ಮ ದೇವಸ್ಥಾನಗಳಿಗೆ ಅಸಾಧ್ಯವೆಂದು ನಾನು ನಂಬುವುದಿಲ್ಲ. ವಿದೇಶಕ್ಕೆ ಹೋಗುವ ನಮ್ಮವರೂ ಕನ್ನಡ ಅಕ್ಷರವಿರುವ ವಸ್ತು ಕಂಡರೆ ಕೊಳ್ಳುವ ಮೊದಲು ಅಂಗಡಿಯವರಿಗೆ ಓದಿ ಹೇಳಲಿ, ಫೋಟೊ ತೆಗೆದುಕೊಂಡು ಬರಲಿ. ಬೆಲೆ ಏರಿದರೆ ಏರಲಿ.

ದೀಪ ನಮ್ಮ ಮನೆಯಲ್ಲಿದೆ. ಶೋಕೇಸಿನಲ್ಲಿಡಲು ನನ್ನ ಹೆಂಡತಿ ಒಪ್ಪಲಿಲ್ಲ. ದೇವರ ಮುಂದೆ ಉರಿದದ್ದನ್ನು ಬಂದವರಿಗೆ ತೋರಿಸುವುದೇ ಎಂದರು. ಹಾಗಾದರೆ ನಮ್ಮ ದೇವರ ಮನೆಯಲ್ಲಿ ತೂಗುಹಾಕೋಣವೆಂದೆ. ಬೇರೆ ದೇವರಿಗೆಂದು ಇನ್ನೊಬ್ಬ ಹೆಂಗಸು ಹರಕೆ ಹೊತ್ತು ಮಾಡಿಸಿದ್ದು, ಅದಕ್ಕೆ ನಾನು ಎಣ್ಣೆ ಹಾಕಲಾರೆ ಎಂದರು. ಆರು ವರ್ಷ ಕಳೆದರೂ ಅವರ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇವೆ. ‘ಪುರ’ ಎಂದು ಕೊನೆಗೊಳ್ಳುವ, ಸೋಮೇಶ್ವರನ ಗುಡಿಯಿರುವ ಊರುಗಳ ಪಟ್ಟಿ ಮಾಡುತ್ತಾ ಇದ್ದೇನೆ. ನಾಲ್ಕು ಜಿಲ್ಲೆ ಮುಗಿಯುವಷ್ಟರಲ್ಲಿ ನಲವತ್ತು ದಾಟಿತು. ಒಂಬತ್ತು ಊರುಗಳಿಗೆ ಹೋಗಿ ಬಂದೆ. ಎರಡು ಕಡೆ ಅರ್ಚಕರು ವಹಿ ತೋರಿಸಿದರು. ಎರಡರಲ್ಲೂ ಬರೆದಿದ್ದುದು ‘ಕಂಚಿನ ದೀಪ’ ಮತ್ತು ಒಂದು ಅಂಕೆ.

ಅಂದು ವಹಿಯಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಕಂಚಿನ ತೂಗುದೀಪ, ಒಂದು. ಸರಪಳಿ ಬಿಟ್ಟು ಎತ್ತರ ಹನ್ನೊಂದು ಅಂಗುಲ, ತೂಕ ಎರಡು ಕಿಲೋ ನೂರು ಗ್ರಾಂ. ಐದು ಬತ್ತಿಯ ಬಾಯಿಗಳು, ಒಂದರ ತುದಿ ಮುರಿದು ಬೆಸುಗೆ ಹಾಕಿದೆ. ನಡುವೆ ಕುಳಿತ ಪುಟ್ಟ ನಂದಿ, ಅದರ ಎಡ ಕೊಂಬು ಇಲ್ಲ. ಕೆಳಗಿನ ಅಂಚಿನಲ್ಲಿ ಒಂದೇ ಸಾಲಿನ ಕನ್ನಡ ಬರಹ, ಮೇಲೆ ಕೊಟ್ಟಂತೆ. ತಮ್ಮೂರ ಸೋಮೇಶ್ವರನ ಗುಡಿಯಲ್ಲಿ ಇಂಥದ್ದೊಂದು ದೀಪ ತೂಗುತ್ತಿದ್ದುದನ್ನು ಅಜ್ಜಿಯೋ ಅಜ್ಜನೋ ಹೇಳಿದ್ದು ನೆನಪಿರುವ ಓದುಗರು ಸಂಪಾದಕರ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ನಾನೇ ತಂದುಕೊಡುತ್ತೇನೆ. ನಲವತ್ತು ಪೌಂಡಿನ ಲೆಕ್ಕವನ್ನು ಯಾರಿಂದಲೂ ಕೇಳುವುದಿಲ್ಲ.